ಮಾರಾಟಕ್ಕಿದೆ: ಓಕ್ ಮರದ ಒಂದು ಮನೆ



ಕಳೆದ ಚಳಿಗಾಲದ ಒಂದು ಶನಿವಾರ ನಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿ ಪಠ್ಯಪುಸ್ತಕ ತೆಗೆಯಲೇ ಇಲ್ಲ. ಯಾರೋ ಬಿಟ್ಟುಹೋಗಿದ್ದ ಪತ್ರಿಕೆಯೊಂದರ ಮನೆ ಮಾರಾಟದ ಪುರವಣಿ ಮೇಜಿನ ಮೇಲಿತ್ತು. ಅದರಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ದೊಡ್ಡ ಮನೆಗಳ ಚಿತ್ರಗಳು. ಒಂದು ಚಿತ್ರ ನೋಡಿ ಎಲ್ಲರೂ ಸುತ್ತ ಸೇರಿದರು. ಒಳಗೆಲ್ಲ ದಪ್ಪ ದಪ್ಪ ಮರದ ಕಂಬಗಳು, ಮೇಲೆ ತೊಲೆಗಳು. ಎರಡು ಮಾಳಿಗೆ ಎತ್ತರದ ಗಾಜಿನ ಗೋಡೆ, ಅದರ ಆಚೆ ಹುಲ್ಲುಗಾವಲು.

"ಟೀಚರ್, ಈ ಕಂಬ ನೋಡಿ, ಮೇಲಿಂದ ಕೆಳಗಿನ ತನಕ ಸೀಳು ಬಿಟ್ಟಿದೆ. ಒಡೆದುಹೋಗಿರೋ ಮನೆಗೆ ಇಷ್ಟೊಂದು ದುಡ್ಡು ಯಾರು ಕೊಡ್ತಾರೆ?" ಅಂತ ಒಬ್ಬ ಹುಡುಗ ಕೇಳಿದ.

ಪಕ್ಕದಲ್ಲಿ ಕೂತಿದ್ದ ಹುಡುಗಿ ಇನ್ನೊಂದು ಪ್ರಶ್ನೆ ಹಾಕಿದಳು. "ಕೊಂಡುಕೊಂಡವರು ಇದನ್ನ ಕೆಡವಿ ಹೊಸ ಮನೆ ಕಟ್ಟಬಹುದಾ?"

ಎರಡೂ ಒಳ್ಳೆಯ ಪ್ರಶ್ನೆಗಳು. ಆವತ್ತು ಅರ್ಧ ಮಾತ್ರ ಉತ್ತರ ಹೇಳಿದ್ದೆ. ಉಳಿದ ಅರ್ಧ ಈ ಪಾಠದಲ್ಲಿದೆ. ನಿಧಾನವಾಗಿ ಓದಿ. ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

೧. ಜಾಹೀರಾತು ಓದೋಣ

ಬೇರೆಯವರ ಮನೆಯ ವಿವರವನ್ನು ನಮ್ಮ ಪತ್ರಿಕೆಯಲ್ಲಿ ಹಾಕುವುದು ಸರಿಯಲ್ಲ. ಹಾಗಾಗಿ ನಾಲ್ಕಾರು ಜಾಹೀರಾತು ಓದಿ, ಅವುಗಳ ಧಾಟಿಯಲ್ಲೇ ನಾವೊಂದು ಜಾಹೀರಾತನ್ನು ಕನ್ನಡದಲ್ಲಿ ಬರೆದೆವು. ಇದು ತರಗತಿಯ ಮಕ್ಕಳು ಸೇರಿ ಬರೆದದ್ದು:

"ಮಾರಾಟಕ್ಕಿದೆ. ವೆಸ್ಟ್ ಸಸೆಕ್ಸ್‌ನ ಪ್ರಶಾಂತ ಹಳ್ಳಿಯ ಅಂಚಿನಲ್ಲಿ, ಎರಡೂವರೆ ಎಕರೆ ಜಾಗದಲ್ಲಿ, ಓಕ್ ಮರದ ಚೌಕಟ್ಟಿನ ಭವ್ಯ ಮನೆ. ಹಳೆಯ ಭಾಗ 17ನೇ ಶತಮಾನದ್ದು, ಗ್ರೇಡ್ 2 ಪಟ್ಟಿಯಲ್ಲಿ ಸೇರಿದೆ. ಪಕ್ಕದ ಹೊಸ ಭಾಗವನ್ನು ಇತ್ತೀಚೆಗೆ ಹಸಿ ಓಕ್ ಮರದಿಂದ, ಹಳೆಯ ಕ್ರಮದಲ್ಲೇ ಕಟ್ಟಲಾಗಿದೆ. ಐದು ಮಲಗುವ ಕೋಣೆಗಳು. ಸೂರಿನವರೆಗೂ ತೆರೆದಿರುವ ಎತ್ತರದ ಊಟದ ಮನೆ. ಒಳಗೆ ಕೂತು ಬೆಂಕಿ ಕಾಯಿಸುವಷ್ಟು ದೊಡ್ಡ ಒಲೆಗೂಡು. ಹಳೆಯ ಹಡಗುಗಳ ಮರದಿಂದ ಮಾಡಿದವೆಂದು ಹೇಳಲಾಗುವ ತೊಲೆಗಳು. ಕುದುರೆ ಮೇಯಿಸಲು ಹುಲ್ಲುಗಾವಲು. ಬೆಲೆ: ಹದಿನೆಂಟು ಲಕ್ಷ ಪೌಂಡ್."

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಇಂಗ್ಲಿಷ್ ಜಾಹೀರಾತಿನಲ್ಲಿ 1.8 ಮಿಲಿಯನ್ ಅಂತ ಇರುತ್ತದೆ. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ. ಹಾಗಾಗಿ 1.8 ಮಿಲಿಯನ್ ಅಂದರೆ 18 ಲಕ್ಷ. ಊರಲ್ಲಿ ನಿಮ್ಮ ತಾತ ಜಮೀನನ್ನು ಎಕರೆ, ಗುಂಟೆಗಳಲ್ಲಿ ಹೇಳುತ್ತಾರೆ, ಅಲ್ವಾ? ಒಂದು ಎಕರೆಗೆ 40 ಗುಂಟೆ. ಇಲ್ಲಿಯ ಎಕರೆಯೂ ಅಲ್ಲಿಯ ಎಕರೆಯೂ ಒಂದೇ. ಅಂದರೆ ಈ ಮನೆಗೆ ನೂರು ಗುಂಟೆ ಜಾಗ ಇದೆ. ತಾತನಿಗೆ ಫೋನ್‌ನಲ್ಲಿ ಹಾಗೆ ಹೇಳಿ, ತಕ್ಷಣ ಅರ್ಥವಾಗುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. "ಓಕ್ ಮರದ ಚೌಕಟ್ಟು" ಅಂದರೆ ಏನು?

೨. ಮನೆ ಹೊರುವವರು ಯಾರು?

ನೀವು ಇರುವ ಇಟ್ಟಿಗೆಯ ಮನೆಯಲ್ಲಿ ಗೋಡೆಗಳೇ ಮಾಡನ್ನು ಹೊತ್ತಿರುತ್ತವೆ. ಗೋಡೆ ತೆಗೆದರೆ ಮಾಡು ಬೀಳುತ್ತದೆ. ಓಕ್ ಚೌಕಟ್ಟಿನ ಮನೆಯಲ್ಲಿ ಹಾಗಲ್ಲ. ಅಲ್ಲಿ ಭಾರ ಹೊರುವುದು ಮರ. ಗೋಡೆ ಬರೀ ಗಾಳಿ ಮಳೆ ತಡೆಯುವುದಕ್ಕೆ. ನಮ್ಮ ಮೈಯಲ್ಲಿ ಮೂಳೆ ಇದ್ದ ಹಾಗೆ ಕಂಬ ತೊಲೆ, ಚರ್ಮ ಇದ್ದ ಹಾಗೆ ಗೋಡೆ.

ನೆಟ್ಟಗೆ ನಿಂತದ್ದು ಕಂಬ. ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಮಲಗಿದ ದಪ್ಪ ಮರ ತೊಲೆ. ತೊಲೆಯಿಂದ ತೊಲೆಗೆ ಸಾಲಾಗಿ ಹಾಕಿದ ಸಣ್ಣ ಮರಗಳು ಜಂತೆ. ಜಂತೆಯ ಮೇಲೆ ಹಲಗೆ ಹೊಡೆದರೆ ಮೇಲಿನ ಮಾಳಿಗೆಯ ನೆಲ. ಕಂಬವೂ ತೊಲೆಯೂ ಸೇರುವ ಮೂಲೆಯಲ್ಲಿ ಓರೆಯಾಗಿ ಒಂದು ಬಾಗಿದ ಮರ ಕೊಟ್ಟಿರುತ್ತಾರೆ. ಗಾಳಿ ಬೀಸಿದಾಗ ಚೌಕಟ್ಟು ಒಂದು ಕಡೆಗೆ ವಾಲದಂತೆ ಅದು ಹಿಡಿದು ನಿಲ್ಲಿಸುತ್ತದೆ. ಹಳೆಯ ಬಡಗಿಗಳು ಇದಕ್ಕಾಗಿ ಹುಟ್ಟಿನಿಂದಲೇ ಬಾಗಿ ಬೆಳೆದ ಮರವನ್ನು ಹುಡುಕಿ ತರುತ್ತಿದ್ದರು. ನೆಟ್ಟಗಿನ ಮರವನ್ನು ಬಾಗಿದ ಆಕಾರಕ್ಕೆ ಕೊಯ್ದರೆ ಅದರ ಎಳೆಗಳು ತುಂಡಾಗುತ್ತವೆ, ಬಲ ಹೋಗುತ್ತದೆ. ಬಾಗಿ ಬೆಳೆದದ್ದರಲ್ಲಿ ಎಳೆಗಳೂ ಬಾಗಿಯೇ ಓಡುತ್ತವೆ.

ಹಾಗಾದರೆ ಕಂಬ ಕಂಬದ ನಡುವಿನ ಖಾಲಿ ಜಾಗಕ್ಕೆ ಏನು ತುಂಬುತ್ತಿದ್ದರು? ಇಲ್ಲಿ ನಿಮಗೆ ಆಶ್ಚರ್ಯ ಆಗುತ್ತದೆ. ತೆಳ್ಳಗಿನ ಕೋಲುಗಳನ್ನು ಬುಟ್ಟಿಯ ಹಾಗೆ ಹೆಣೆದು ತಡಿಕೆ ಮಾಡಿ, ಅದಕ್ಕೆ ಎರಡೂ ಕಡೆಯಿಂದ ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತುತ್ತಿದ್ದರು. ಮೇಲೆ ಸುಣ್ಣದ ಗಾರೆ. ಹೌದು, ಸಗಣಿ! ಇಂಗ್ಲೆಂಡಿನ ಸಾಹುಕಾರರ ಮನೆಯಲ್ಲೂ! ನಮ್ಮ ಊರಿನ ತಡಿಕೆ ಗೋಡೆಯನ್ನು ನೋಡಿದ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅಲ್ಲಿ ಬಿದಿರು, ಇಲ್ಲಿ ಹೇಜಲ್ ಗಿಡದ ಕೋಲು, ಅಷ್ಟೇ ವ್ಯತ್ಯಾಸ.

ಕಪ್ಪು ಮರ, ಬಿಳಿ ಗೋಡೆ ಇರುವ ಮನೆಗಳನ್ನು ನೀವು ಕ್ಯಾಲೆಂಡರ್‌ಗಳಲ್ಲಿ ನೋಡಿರುತ್ತೀರಿ. ಓಕ್ ಮರ ತಾನಾಗಿ ಕಪ್ಪಗಿರುವುದಿಲ್ಲ. ಹೊಸದರಲ್ಲಿ ಜೇನಿನ ಬಣ್ಣ. ಬಿಸಿಲು ಮಳೆ ತಿಂದ ಮೇಲೆ ಬೆಳ್ಳಿಯಂಥ ಬೂದು ಬಣ್ಣ. ಕಪ್ಪು ಬಳಿಯುವುದು ಬಹಳ ಕಡೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಬ್ಬಿದ ಅಭ್ಯಾಸ.

೩. ಹಸಿ ಮರದ ಗುಟ್ಟು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಈ ಗಾದೆಯನ್ನು ನಿಮಗೆ ಎಷ್ಟು ಸಲ ಹೇಳಿದ್ದೇನೋ! ಕಾಗುಣಿತ ತಪ್ಪಿದಾಗಲೆಲ್ಲ ಇದೇ ಗಾದೆ. ಇವತ್ತು ಅದನ್ನು ನಿಮ್ಮ ಮೇಲೆ ಅಲ್ಲ, ನಿಜವಾದ ಮರದ ಮೇಲೇ ಪ್ರಯೋಗ ಮಾಡೋಣ.

ಮೇಜು ಕುರ್ಚಿ ಮಾಡುವವರು ಮರವನ್ನು ಚೆನ್ನಾಗಿ ಒಣಗಿಸಿ ಆಮೇಲೆ ಉಳಿ ಹಿಡಿಯುತ್ತಾರೆ. ಗಾಳಿಯಲ್ಲಿಟ್ಟು ಒಣಗಿಸಿದರೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕು ಅಂತ ಬಡಗಿಗಳ ಲೆಕ್ಕ. ಹಾಗಾದರೆ ಎಂಟು ಅಂಗುಲದ ಕಂಬಕ್ಕೆ? ಎಂಟು ವರ್ಷ! ಮನೆ ಕಟ್ಟುವವನು ಅಷ್ಟು ವರ್ಷ ಎಲ್ಲಿರಬೇಕು? ಇನ್ನೊಂದು ತೊಂದರೆ ಅಂದರೆ, ಒಣಗಿದ ಓಕ್ ಕಬ್ಬಿಣದಂತಾಗುತ್ತದೆ. ಹಳೆಯ ತೊಲೆಗೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಗ್ಗುತ್ತದೆ.

ಅದಕ್ಕೇ ಮನೆಯ ಚೌಕಟ್ಟನ್ನು ಹಸಿ ಮರದಲ್ಲೇ ಮಾಡುತ್ತಾರೆ. ಕಡಿದು ಹೆಚ್ಚು ದಿನವಾಗದ, ಒಳಗೆ ಇನ್ನೂ ನೀರಿರುವ ಮರ. ಉಳಿ ಸಲೀಸಾಗಿ ಇಳಿಯುತ್ತದೆ. ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತುತ್ತಾರೆ. ಕಂಬದಲ್ಲಿ ಆ ನಾಲಿಗೆ ಸರಿಯಾಗಿ ಕೂರುವಂಥ ಕಿಂಡಿ ಕೊರೆಯುತ್ತಾರೆ. ನಾಲಿಗೆ ಕಿಂಡಿಯೊಳಗೆ ಹೋದ ಮೇಲೆ ಎರಡನ್ನೂ ದಾಟಿ ಹೋಗುವಂತೆ ಮರದ ಗೂಟ ಜಡಿಯುತ್ತಾರೆ.

ಇಲ್ಲೊಂದು ಜಾಣತನ ಇದೆ. ಗೂಟಕ್ಕಾಗಿ ಕೊರೆದ ತೂತುಗಳು ಒಂದಕ್ಕೊಂದು ನೇರವಾಗಿ ಇರುವುದಿಲ್ಲ. ನಾಲಿಗೆಯ ತೂತನ್ನು ಬೇಕೆಂದೇ ಒಂಚೂರು ತೊಲೆಯ ಕಡೆಗೆ ಸರಿಸಿ ಕೊರೆದಿರುತ್ತಾರೆ. ಗೂಟ ಒಳಗೆ ಹೋಗುವಾಗ ತಾನೇ ಸ್ವಲ್ಪ ಬಾಗಿ, ತೊಲೆಯನ್ನು ಕಂಬದ ಕಡೆಗೆ ಎಳೆದು ಬಿಗಿ ಮಾಡುತ್ತದೆ. ಮೊಳೆಯಿಲ್ಲ, ಅಂಟಿಲ್ಲ.

ಗೂಟ ಮಾತ್ರ ಒಣಗಿದ ಓಕ್. ಯಾಕೆ ಹೇಳಿ? ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಗೂಟ ಆಗಲೇ ಒಣಗಿದೆ, ಅದು ಇನ್ನು ಕುಗ್ಗುವುದಿಲ್ಲ. ಸುತ್ತಲಿನ ಹಸಿ ಮರ ವರ್ಷ ಕಳೆದಂತೆ ಕುಗ್ಗುತ್ತಾ ಬಂದು ಗೂಟವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಮನೆ ಕಟ್ಟಿ ಮುಗಿದ ಮೇಲೂ ಅದು ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತಾ ಇರುತ್ತದೆ.

ಈಗ ಸೀಳಿನ ಪ್ರಶ್ನೆಗೆ ಉತ್ತರ ನೀವೇ ಹೇಳಬಹುದು. ಕಂಬದ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಚೇಗು ಇನ್ನೂ ಹಸಿಯಾಗಿರುತ್ತದೆ. ಹೊರಗಿನದು ಸಾಲದೆ ಬಿರಿಯುತ್ತದೆ. ಆದರೆ ಬಿರುಕು ಬರುವುದು ಎಳೆಯ ಉದ್ದಕ್ಕೆ, ಎಳೆಗಳ ನಡುವೆ. ಎಳೆಗಳು ಕಡಿದುಹೋಗಿರುವುದಿಲ್ಲ. ಮೇಲಿನ ಭಾರ ಎಳೆಗುಂಟ ಕೆಳಗೆ ಇಳಿಯುತ್ತದೆ, ಹಾಗಾಗಿ ಸಾಮಾನ್ಯವಾಗಿ ಈ ಸೀಳಿನಿಂದ ಕಂಬಕ್ಕೆ ತೊಂದರೆ ಇಲ್ಲ. ರಾತ್ರಿ ಹೊತ್ತು ಹೊಸ ಓಕ್ ಮನೆಯಲ್ಲಿ "ಟಪ್" ಅಂತ ಸದ್ದಾದರೆ ಅದು ದೆವ್ವ ಅಲ್ಲ, ಮರ ಒಣಗುತ್ತಿದೆ ಅಷ್ಟೇ.

ಇನ್ನೊಂದು ವಿಷಯ. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಬಹಳ. ಅದು ಕಬ್ಬಿಣಕ್ಕೆ ತಾಗಿದರೆ, ತೇವ ಇದ್ದಲ್ಲಿ, ನೀಲಿಗಪ್ಪು ಕಲೆ ಬೀಳುತ್ತದೆ. ಕಬ್ಬಿಣವೂ ಬೇಗ ಹಾಳಾಗುತ್ತದೆ. ಅದಕ್ಕೇ ಹಸಿ ಓಕ್‌ಗೆ ಲೋಹ ಬೇಕೇ ಬೇಕಾದಾಗ ಸ್ಟೇನ್‌ಲೆಸ್ ಸ್ಟೀಲ್ ಹಾಕುತ್ತಾರೆ. ಇದೇ ಕಲೆಯನ್ನು ಹಿಂದಿನವರು ಒಳ್ಳೆಯ ಕೆಲಸಕ್ಕೂ ಬಳಸಿಕೊಂಡರು. ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಉಪ್ಪು ಸೇರಿಸಿ ಯೂರೋಪಿನಲ್ಲಿ ನೂರಾರು ವರ್ಷ ಬರೆಯುವ ಶಾಯಿ ಮಾಡುತ್ತಿದ್ದರು.

೪. ಮರದ ಮೇಲಿನ ಗುರುತುಗಳು

ಚೌಕಟ್ಟನ್ನು ಮನೆಯ ಜಾಗದಲ್ಲೇ ಕೆತ್ತುತ್ತಿದ್ದರೇ? ಸಾಮಾನ್ಯವಾಗಿ ಇಲ್ಲ. ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಇಡೀ ಗೋಡೆಯ ಮರಗಳನ್ನು ಹಾಸಿ, ಒಂದೊಂದು ಸಂದನ್ನೂ ಅದಕ್ಕೇ ಹೊಂದುವಂತೆ ಕೆತ್ತುತ್ತಿದ್ದರು. ಕೈಯಿಂದ ಕೆತ್ತಿದ್ದಲ್ವಾ, ಒಂದು ಸಂದಿನ ನಾಲಿಗೆ ಇನ್ನೊಂದು ಕಿಂಡಿಗೆ ಸರಿಯಾಗಿ ಹೊಂದುವುದಿಲ್ಲ. ಹಾಗಾಗಿ ಯಾವುದು ಯಾವುದಕ್ಕೆ ಜೋಡಿ ಅಂತ ಗುರುತು ಬೇಕು. ಎರಡೂ ಮರದ ಮೇಲೆ ಒಂದೇ ಅಂಕಿಯನ್ನು ಉಳಿಯಿಂದ ಕೊರೆಯುತ್ತಿದ್ದರು, ರೋಮನ್ ಅಂಕಿ. ಉಳಿಯಿಂದ ನೆಟ್ಟ ಗೆರೆ ಹಾಕುವುದು ಸುಲಭ ನೋಡಿ. ಆಮೇಲೆ ಎಲ್ಲ ಬಿಚ್ಚಿ, ಗಾಡಿಗೆ ಹೇರಿ, ಮನೆ ಕಟ್ಟುವ ಜಾಗಕ್ಕೆ ಒಯ್ದು, ಅಂಕಿ ನೋಡಿಕೊಂಡು ಮತ್ತೆ ಜೋಡಿಸುತ್ತಿದ್ದರು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಮಾಡು ಹೀಗೆ ಬಂದದ್ದು. 1393ರಲ್ಲಿ ಎರಡನೇ ರಿಚರ್ಡ್ ರಾಜ ಅದನ್ನು ಮಾಡಿಸಲು ಹೇಳಿದ. ಮುಖ್ಯ ಬಡಗಿ ಹ್ಯೂ ಹರ್ಲೆಂಡ್. ಓಕ್ ಮರಗಳನ್ನು ಸರ್ರೆಯ ಫಾರ್ನ್‌ಹಮ್ ಹತ್ತಿರ ಕೆತ್ತಿ ಜೋಡಿಸಿ ನೋಡಿ, ಮತ್ತೆ ಬಿಚ್ಚಿ ಗಾಡಿಗಳಲ್ಲೂ ದೋಣಿಗಳಲ್ಲೂ ಲಂಡನ್ನಿಗೆ ಸಾಗಿಸಿದರು. ಸುಮಾರು 20 ಮೀಟರ್ ಅಗಲದ ಆ ಸಭಾಂಗಣದ ನಡುವೆ ಒಂದೂ ಕಂಬವಿಲ್ಲ. ಇವತ್ತಿಗೂ ಆ ಮಾಡು ಅಲ್ಲೇ ಇದೆ.

ಇನ್ನೊಂದು ನಿಮಗೆ ಇನ್ನೂ ಹತ್ತಿರ. ಬೆಂಗಳೂರಿನಿಂದ ಬಂದು ಹೀಥ್ರೂದಲ್ಲಿ ಇಳಿಯುತ್ತೀರಲ್ಲ, ಆ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿ ಇದೆ. ಅಲ್ಲಿ 1426ರ ಸುಮಾರಿಗೆ ವಿಂಚೆಸ್ಟರ್ ಕಾಲೇಜಿನವರು ಕಟ್ಟಿಸಿದ ಧಾನ್ಯದ ಕಣಜ ಇದೆ. ಸುಮಾರು 60 ಮೀಟರ್ ಉದ್ದ. ಒಳಗೆ ಹೋದರೆ ಸಾಲು ಸಾಲು ಓಕ್ ಕಂಬಗಳು, ದೇವಸ್ಥಾನದ ನವರಂಗದಲ್ಲಿ ನಿಂತ ಹಾಗೆ. ಮರದ ಬಹುಭಾಗ ಮೊದಲಿನದೇ. ಈಗ ಅದನ್ನು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಹಸಿ ಮರದಲ್ಲಿ ಕಟ್ಟಿದ್ದು ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಸುಮಾರು ಆರುನೂರು ವರ್ಷ!

೫. ಜಾಹೀರಾತಿನ ಮಾತು, ನಿಜವಾದ ಮಾತು

ಜಾಹೀರಾತು ಬರೆಯುವವರ ಕೆಲಸ ಮಾರುವುದು. ಓದುವವರ ಕೆಲಸ ಕೇಳುವುದು. ನಮ್ಮ ಜಾಹೀರಾತಿನ ಮೂರು ಮಾತುಗಳನ್ನು ಪರೀಕ್ಷಿಸೋಣ.

"ಹಳೆಯ ಹಡಗುಗಳ ಮರದಿಂದ ಮಾಡಿದ ತೊಲೆಗಳು." ಇಂಗ್ಲೆಂಡಿನ ಹಳ್ಳಿ ಹಳ್ಳಿಯಲ್ಲೂ ಈ ಕತೆ ಕೇಳುತ್ತೀರಿ. ಚರಿತ್ರೆ ಬಲ್ಲವರು ಇದನ್ನು ಬಹುಮಟ್ಟಿಗೆ ದಂತಕತೆ ಎನ್ನುತ್ತಾರೆ. ತೊಲೆಯಲ್ಲಿ ಅರ್ಥವಾಗದ ಖಾಲಿ ಕಿಂಡಿ, ತೂತು ಕಂಡರೆ ಜನ ಹಡಗು ಅಂದುಕೊಂಡರು. ಹೆಚ್ಚಿನ ಸಲ ಅದು ಇನ್ನೊಂದು ಹಳೆಯ ಮನೆಯ ಮರ, ಅಥವಾ ಅದೇ ಮನೆಯಲ್ಲಿ ಮೊದಲಿದ್ದು ಆಮೇಲೆ ತೆಗೆದ ಗೋಡೆಯ ಗುರುತು. ಸಮುದ್ರದಿಂದ ದೂರದ ಹಳ್ಳಿಗೆ, ಪಕ್ಕದಲ್ಲೇ ಕಾಡಿರುವಾಗ, ಹಡಗಿನ ಮರ ಯಾರು ಎಳೆದು ತರುತ್ತಾರೆ?

"17ನೇ ಶತಮಾನದ್ದು." ಇದನ್ನು ಪರೀಕ್ಷಿಸಬಹುದು. ಮರದ ಅಡ್ಡಕೊಯ್ತದಲ್ಲಿ ವರ್ಷಕ್ಕೊಂದು ಉಂಗುರ ಇರುತ್ತದೆ. ಒಳ್ಳೆಯ ವರ್ಷಕ್ಕೆ ಅಗಲ ಉಂಗುರ, ಕಷ್ಟದ ವರ್ಷಕ್ಕೆ ಕಿರಿದು. ತೊಲೆಯಿಂದ ಪೆನ್ಸಿಲ್‌ನಂಥ ಸಣ್ಣ ತುಂಡು ತೆಗೆದು, ಅದರ ಉಂಗುರಗಳ ಸಾಲನ್ನು ಕಾಲ ಗೊತ್ತಿರುವ ಮರಗಳ ಸಾಲಿನೊಂದಿಗೆ ಹೊಂದಿಸಿ ನೋಡುತ್ತಾರೆ. ತೊಗಟೆಯ ಅಂಚು ಉಳಿದಿದ್ದು, ಸಾಲು ಚೆನ್ನಾಗಿ ಹೊಂದಿದರೆ, ಮರ ಕಡಿದ ವರ್ಷವನ್ನೇ ಹೇಳಬಹುದು. ಹಸಿ ಮರದಲ್ಲೇ ಕಟ್ಟುತ್ತಿದ್ದರಿಂದ ಮನೆ ಕಟ್ಟಿದ್ದೂ ಹೆಚ್ಚುಕಡಿಮೆ ಆಗಲೇ.

"ಗ್ರೇಡ್ 2 ಪಟ್ಟಿಯಲ್ಲಿ ಸೇರಿದೆ." ಇದು ಎರಡನೇ ಪ್ರಶ್ನೆಗೆ ಉತ್ತರ. ಇಂಗ್ಲೆಂಡಿನಲ್ಲಿ ವಿಶೇಷವಾದ ಕಟ್ಟಡಗಳ ಒಂದು ಸರ್ಕಾರಿ ಪಟ್ಟಿ ಇದೆ. ಅದರಲ್ಲಿ ಮೂರು ದರ್ಜೆ: ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2. ಹೆಚ್ಚಿನವು ಗ್ರೇಡ್ 2. ಪಟ್ಟಿಯಲ್ಲಿರುವ ಮನೆಯನ್ನು ಒಪ್ಪಿಗೆ ಇಲ್ಲದೆ ಕೆಡವುವುದು, ಅದರ ಸ್ವರೂಪ ಕೆಡುವಂತೆ ಬದಲಾಯಿಸುವುದು ಅಪರಾಧ. ಹೊರಗೆ ಮಾತ್ರ ಅಲ್ಲ, ಒಳಗೂ. ಹಿಂದಿನ ಮಾಲೀಕರು ಒಪ್ಪಿಗೆ ಇಲ್ಲದೆ ಏನಾದರೂ ಒಡೆದಿದ್ದರೆ ಅದನ್ನು ಸರಿಪಡಿಸುವ ಹೊಣೆ ಈಗಿನ ಮಾಲೀಕರ ಮೇಲೆ ಬರಬಹುದು. ಹಾಗಾಗಿ ಕೊಳ್ಳುವವರು ವಕೀಲರಿಂದ ಕಾಗದಪತ್ರ ನೋಡಿಸುತ್ತಾರೆ, ಹಳೆಯ ಮನೆ ಬಲ್ಲ ಸರ್ವೇಯರ್‌ನಿಂದ ಮರ ನೋಡಿಸುತ್ತಾರೆ.

ಆ ಸರ್ವೇಯರ್ ಒಣಸೀಳಿಗಿಂತ ಹೆಚ್ಚು ಭಯಪಡುವ ಸಂಗತಿಗಳು ಬೇರೆ ಇವೆ. ಒಂದು, ತೇವ. ಹಿಂದೆ ಯಾರಾದರೂ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳಿದಿದ್ದರೆ, ಒಳಗೆ ಹೋದ ನೀರು ಹೊರಗೆ ಬರಲಾರದೆ ಮರ ಕೊಳೆಯುತ್ತದೆ. ಎರಡು, ಕುಟ್ಟೆ ಹುಳ. ತೇವ ಇರುವ ಹಳೆಯ ಓಕ್‌ಗೆ ಅದು ಬೀಳುತ್ತದೆ. ಮೂರು, ಯಾರೋ ಕೊಯ್ದ ತೊಲೆ. "ತಲೆಗೆ ತಾಗುತ್ತೆ" ಅಂತ ಮಾಡಿನ ಕೆಳಗಿನ ಅಡ್ಡತೊಲೆಯನ್ನು ಕತ್ತರಿಸಿದವರು ಇದ್ದಾರೆ. ಆ ತೊಲೆ ಎರಡೂ ಗೋಡೆಗಳನ್ನು ಕೈ ಹಿಡಿದ ಹಾಗೆ ಹಿಡಿದಿರುತ್ತದೆ. ಕತ್ತರಿಸಿದರೆ ಮಾಡು ಕಾಲು ಜಾರಿ, ಗೋಡೆಗಳನ್ನು ಹೊರಗೆ ತಳ್ಳುತ್ತದೆ. ಮರ ಒಣಗಿ ಬಿಟ್ಟ ಸೀಳನ್ನು ಮನೆ ತಾಳಿಕೊಳ್ಳುತ್ತದೆ, ಮನುಷ್ಯ ಕೊಯ್ದದ್ದನ್ನು ತಾಳಿಕೊಳ್ಳುವುದಿಲ್ಲ.

೬. ಬಿಚ್ಚಿ ಕಟ್ಟಿದ ಮನೆ, ಬಿಚ್ಚಿ ಹೋದ ಮನೆ

ಗುರುತು ಹಾಕಿ ಜೋಡಿಸಿದ್ದನ್ನು ಗುರುತು ಹಾಕಿ ಬಿಚ್ಚಲೂಬಹುದು. 1960ರ ದಶಕದಲ್ಲಿ ಕೆಂಟ್‌ನಲ್ಲಿ ಬೋ ಬೀಚ್ ಎಂಬಲ್ಲಿ ಕುಡಿಯುವ ನೀರಿನ ಜಲಾಶಯ ಮಾಡಲು ಹೊರಟರು. ಅಲ್ಲಿ ಬೇಲೀಫ್ ಎಂಬ 15ನೇ ಶತಮಾನದ ರೈತನ ಮನೆ ಇತ್ತು, ಓಕ್ ಚೌಕಟ್ಟಿನದು. ಅದನ್ನು ಕೆಡವಲಿಲ್ಲ. ಒಂದೊಂದು ಮರಕ್ಕೂ ಗುರುತು ಹಾಕಿ ಬಿಚ್ಚಿದರು. ಈಗ ಅದು ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂನಲ್ಲಿ ಮತ್ತೆ ಎದ್ದು ನಿಂತಿದೆ. ಒಳಗೆ ಹೋಗಿ ಒಲೆಯ ಹೊಗೆಯ ವಾಸನೆ ಕುಡಿಯಬಹುದು.

ಜಲಾಶಯ ಅಂದ ಕೂಡಲೇ ಶಿವಮೊಗ್ಗ ಕಡೆಯ ಪೋಷಕರಿಗೆ ಬೇರೆ ನೆನಪು ಬರುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳು ಮುಳುಗಿದವು. ನಮ್ಮಲ್ಲೂ ಹಳೆಯ ಮರದ ಮನೆಗಳನ್ನು ಬಿಚ್ಚಿ ಮತ್ತೆ ಕಟ್ಟಿ ಉಳಿಸಿದವರು ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಅಂಥ ಮನೆಗಳನ್ನು ನೋಡಬಹುದು. ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿ.

ಈಗ ನನ್ನದೊಂದು ಮಾತು. ತೀರ್ಥಹಳ್ಳಿ ಕಡೆ ನನ್ನ ಅಜ್ಜಿಯ ಮನೆ ಇತ್ತು. ತೊಟ್ಟಿ ಮನೆ. ತೊಟ್ಟಿಯ ನಾಲ್ಕು ಮೂಲೆಗೆ ಹಲಸಿನ ಮರದ ನಾಲ್ಕು ಕಂಬ, ಕಂಬದ ತಲೆಯ ಮೇಲೆ ಕೆತ್ತಿದ ಬೋದಿಗೆ. ಅಜ್ಜಿ ಹೋದ ಮೇಲೆ ಅಲ್ಲಿ ಇರುವವರು ಯಾರೂ ಇರಲಿಲ್ಲ. ಮಾಡು ಸೋರುತ್ತಿತ್ತು. ನಾವು ಮೊಮ್ಮಕ್ಕಳೆಲ್ಲ ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಕೊನೆಗೆ ಮಾರಿದೆವು. ಕಾಗದ ಇಲ್ಲಿಗೆ ಬಂತು, ನಾನೂ ಸಹಿ ಹಾಕಿ ಕಳಿಸಿದೆ. ತಪ್ಪು ಯಾರದ್ದೂ ಅಲ್ಲ, ಅಥವಾ ಎಲ್ಲರದ್ದೂ.

ಮರುವರ್ಷ ಊರಿಗೆ ಹೋದಾಗ ಮನೆ ಇರಲಿಲ್ಲ. ಹಳೆ ಮರ ಕೊಳ್ಳುವವರು ಬಂದು ಕಂಬ, ಬೋದಿಗೆ, ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗಿದ್ದರು. ಅಜ್ಜಿಯ ಮನೆಯ ಮರಗೆಲಸ ಮಾಡುತ್ತಿದ್ದ ಆಚಾರ್ರು ಇನ್ನೂ ಇದ್ದರು. "ಯಾಕೆ ಆಚಾರ್ರೇ, ಬೇರೆ ಕಡೆ ಜೋಡಿಸ್ತಾರಂತಲ್ಲ?" ಅಂದೆ. ಅವರು ತಲೆ ಅಲ್ಲಾಡಿಸಿದರು. "ನಂಬರ್ ಹಾಕದೇ ಬಿಚ್ಚಿದ್ರು ಅಮ್ಮ. ಗುರುತಿದ್ರೆ ಅದು ಮನೆ. ಇಲ್ಲಾಂದ್ರೆ ಸೌದೆ."

ಬೇಲೀಫ್ ಮನೆಯ ಮುಂದೆ ನಿಂತಾಗಲೆಲ್ಲ ನನಗೆ ಆ ಮಾತು ಕೇಳಿಸುತ್ತದೆ. ಮರ ಎರಡೂ ಕಡೆ ಗಟ್ಟಿಯೇ ಇತ್ತು. ಒಂದು ಕಡೆ ಯಾವುದು ಯಾವುದಕ್ಕೆ ಸೇರಬೇಕು ಅಂತ ಯಾರೋ ಬರೆದಿಟ್ಟಿದ್ದರು, ಇನ್ನೊಂದು ಕಡೆ ಬರೆದಿಡಲಿಲ್ಲ.

ಬೋದಿಗೆ, ಜಂತೆ, ಮುಚ್ಚಿಗೆ, ಬಾಗಿಲವಾಡ. ಈ ಪದಗಳು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಶನಿವಾರ ತರಗತಿಯಲ್ಲಿ ಕೇಳಿದಾಗ ಒಬ್ಬರಿಗೂ ಗೊತ್ತಿರಲಿಲ್ಲ. ಹೊರಗೆ ಕಾಯುತ್ತಿದ್ದ ಅಪ್ಪ ಅಮ್ಮಂದಿರಲ್ಲೂ ಇಬ್ಬರು ಮೂವರಿಗೆ ಮಾತ್ರ. ಮನೆ ಹೋದ ಮೇಲೆ ಅದರ ಪದಗಳೂ ಹೋಗುತ್ತವೆ. ಮನೆ ಉಳಿಸುವುದು ನಿಮ್ಮ ಕೈಲಿಲ್ಲದೆ ಇರಬಹುದು. ಪದ ಬರೆದಿಡುವುದು ಖಂಡಿತ ನಿಮ್ಮ ಕೈಲಿದೆ.

ಹದಿನೆಂಟು ಲಕ್ಷ ಪೌಂಡ್ ಕೊಟ್ಟು ಆ ಓಕ್ ಮನೆ ಕೊಳ್ಳುವವರು ಯಾರೋ ಗೊತ್ತಿಲ್ಲ. ನಾವಂತೂ ಅಲ್ಲ! ಆದರೆ ಅವರು ಒಳ್ಳೆಯ ಸರ್ವೇಯರ್ ಕರೆದುಕೊಂಡು ಹೋಗಲಿ, ಸೀಳು ನೋಡಿ ಹೆದರದಿರಲಿ, ಅಡ್ಡತೊಲೆ ಕೊಯ್ಯದಿರಲಿ ಅಂತ ಹಾರೈಸೋಣ.

೭. ಈಗ ನೀವು ಮಾಡಿ

ಅ) ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ. ಅವರು ಹುಟ್ಟಿ ಬೆಳೆದ ಮನೆಯ ಚಿತ್ರವನ್ನು ಅವರು ಹೇಳಿದಂತೆ ಬರೆಯಿರಿ. ಒಂದೊಂದು ಭಾಗಕ್ಕೂ ಅವರು ಹೇಳಿದ ಹೆಸರನ್ನೇ ಬರೆಯಿರಿ. ಮಂಗಳೂರಿನ ಅಜ್ಜಿಯ ಪದ, ಧಾರವಾಡದ ಅಜ್ಜಿಯ ಪದ ಬೇರೆ ಬೇರೆ ಇರುತ್ತದೆ. ಎರಡೂ ಸರಿ. ಚಿತ್ರಗಳನ್ನು ತರಗತಿಯ ಗೋಡೆಗೆ ಅಂಟಿಸೋಣ.

ಆ) ಗಾಜಿನ ಲೋಟದಲ್ಲಿ ಹಾಲಿಲ್ಲದ ಗಟ್ಟಿ ಟೀ ಹಾಕಿ, ತುಕ್ಕು ಹಿಡಿದ ಮೊಳೆಯೊಂದನ್ನು ದೊಡ್ಡವರ ಕೈಯಿಂದ ಹಾಕಿಸಿ ರಾತ್ರಿಯಿಡೀ ಬಿಡಿ. ಟೀಯಲ್ಲೂ ಟ್ಯಾನಿನ್ ಇದೆ. ಬೆಳಗ್ಗೆ ಬಣ್ಣ ಏನಾಯಿತು? ಓಕ್ ಮರದ ಮೇಲಿನ ಕಪ್ಪು ಕಲೆಗೆ ಕಾರಣ ಬರೆಯಿರಿ. ಮರೆತು ಯಾರೂ ಅದನ್ನು ಕುಡಿಯಬೇಡಿ!

ಇ) ಒಂದು ಅಂಗುಲಕ್ಕೆ ಒಂದು ವರ್ಷದಂತೆ, 12 ಅಂಗುಲ ದಪ್ಪದ ತೊಲೆಯನ್ನು ನೀವು ಇವತ್ತು ಒಣಗಲು ಇಟ್ಟರೆ, ಅದು ಒಣಗುವಾಗ ನಿಮಗೆ ಎಷ್ಟು ವಯಸ್ಸಾಗಿರುತ್ತದೆ?

ಈ) ನಿಮ್ಮ ಈಗಿನ ಮನೆಗೆ ಒಂದು ಜಾಹೀರಾತು ಬರೆಯಿರಿ, ಐದು ಸಾಲು, ಕನ್ನಡದಲ್ಲಿ. ಅದರಲ್ಲಿ ಒಂದೇ ಒಂದು ಸಾಲು ಸುಳ್ಳಿರಲಿ. ಸ್ನೇಹಿತರು ಅದನ್ನು ಕಂಡುಹಿಡಿಯಲಿ.

ಈ ಪಾಠದ ಪದಗಳು

ಬಡಗಿ: ಮರಗೆಲಸ ಮಾಡುವವರು.
ಚೇಗು: ಮರದ ಒಳಗಿನ ಗಟ್ಟಿ ಭಾಗ.
ಸೂರು: ಮಾಡಿನ ಅಂಚು. ಹಲವು ಕಡೆ ಇಡೀ ಮಾಡಿಗೂ ಇದೇ ಪದ.
ಬೋದಿಗೆ: ಕಂಬದ ತಲೆಯ ಮೇಲೆ ಕೂತು ತೊಲೆಗೆ ಆಸರೆ ಕೊಡುವ ಮರ.
ಮುಚ್ಚಿಗೆ: ಜಂತೆಯ ಮೇಲೆ ಹಲಗೆ ಹಾಸಿ ಮಾಡಿದ ಒಳಮಾಡು.
ಬಾಗಿಲವಾಡ: ಬಾಗಿಲನ್ನು ಕೂರಿಸುವ ಚೌಕಟ್ಟು.
ಕುಟ್ಟೆ: ಒಣಮರವನ್ನು ಕೊರೆಯುವ ಹುಳ.
ತಡಿಕೆ: ಕೋಲು ಅಥವಾ ಬಿದಿರು ಹೆಣೆದು ಮಾಡಿದ ತಟ್ಟಿ.

ಅಜ್ಜಿಯರು ಹೇಳಿದ ಹೊಸ ಪದಗಳನ್ನು ಈ ಪಟ್ಟಿಯ ಕೆಳಗೆ ನೀವೇ ಬರೆಯಿರಿ. ಜಾಗ ಸಾಲದಿದ್ದರೆ ಹಾಳೆ ಅಂಟಿಸಿಕೊಳ್ಳಿ.